ಮಲ್ಲಿಗೆಯ ಸುಗಂಧಕ್ಕೆ ಒಂದು ಗಂಟೆ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಸಂಗೀತ ಕಛೇರಿಗಳ ವಿಮರ್ಶೆ, ಸಿನಿಮಾ ವಿಮರ್ಶೆ, ಹೊಸ ಪುಸ್ತಕಗಳ ಪರಿಚಯ, ಉಡುಗೆ ತೊಡುಗೆಯ ಅಂಕಣ, ಹೀಗೆ ಕಣ್ಣಿಗೂ ಕಿವಿಗೂ ಬೇಕಾದದ್ದಕ್ಕೆಲ್ಲ ಪತ್ರಿಕೆಗಳಲ್ಲಿ ಜಾಗವಿದೆ. ಮೂಗಿಗೆ ಬೇಕಾದದ್ದಕ್ಕೆ ಮಾತ್ರ ಇಲ್ಲ. ಸುಗಂಧದ್ರವ್ಯದ ಬಗ್ಗೆ ಅಪರೂಪಕ್ಕೆ ಏನಾದರೂ ಅಚ್ಚಾದರೂ ಅದು ಎಷ್ಟು ಗಂಟೆ ಉಳಿಯುತ್ತದೆ, ಎಷ್ಟು ದೂರ ಹರಡುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿದುಬಿಡುತ್ತದೆ. ಕಛೇರಿ ಕೇಳಿ ಬಂದವರು ಗಾಯಕರು ಎಷ್ಟು ಹೊತ್ತು ಹಾಡಿದರು, ಎಷ್ಟು ಜೋರಾಗಿ ಹಾಡಿದರು ಎಂದಷ್ಟೇ ಬರೆದರೆ ಅದನ್ನು ಯಾರೂ ವಿಮರ್ಶೆ ಎನ್ನುವುದಿಲ್ಲ. ಕಳೆದ ಒಂದು ವರ್ಷದಿಂದ ಮಲ್ಲಿಗೆಯ ಸುಗಂಧವೊಂದನ್ನು ಹಚ್ಚಿಕೊಳ್ಳುತ್ತಿರುವ ನನಗೆ ಈ ಕೊರತೆ ದಿನೇ ದಿನೇ ಹೆಚ್ಚು ಕಾಡತೊಡಗಿದೆ. ಆ ಸುಗಂಧ ನನಗೆ ಕೊಟ್ಟ ಸಂತೋಷವನ್ನು, ಅದು ಕಲಿಸಿದ ತಾಳ್ಮೆಯನ್ನು ನಿಮ್ಮ ಓದುಗರೊಂದಿಗೆ ಹಂಚಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ. ದಯವಿಟ್ಟು ಪೂರ್ತಿ ಓದಬೇಕೆಂದು ವಿನಂತಿ.

ನಾನು ಐವತ್ತು ದಾಟಿದವಳು. ಕಳೆದ ವರ್ಷದವರೆಗೂ ಮಲ್ಲಿಗೆಯ ಹೆಸರಿನ ಯಾವ ಸೆಂಟೂ ನನಗೆ ಸೇರುತ್ತಿರಲಿಲ್ಲ. ಗಿಡದ ಮೇಲಿನ ಹೂವೆಂದರೆ ಪ್ರಾಣ, ಸೀಸೆಯೊಳಗಿನದೆಂದರೆ ತಲೆನೋವು. ಕೋಣೆಗೆ ಸಿಂಪಡಿಸುವ ಡಬ್ಬಿ, ನೆಲ ಒರೆಸುವ ದ್ರಾವಣ, ಪೌಡರು, ಸೋಪು ಎಲ್ಲದರ ಹೊದಿಕೆಯ ಮೇಲೂ ಐದೋ ಆರೋ ಎಸಳಿನ ಬಿಳಿ ಹೂವಿನ ಚಿತ್ರ. ತೆರೆದರೆ ಎಲ್ಲದರೊಳಗೂ ಅದೇ ಒಂದು ಚೂಪಾದ ಸಿಹಿ ವಾಸನೆ. ಹತ್ತಾರು ವರ್ಷಗಳ ಹಿಂದೆ ಅಂಥದ್ದೊಂದು ಸ್ಪ್ರೇ ಕೊಂಡು, ಬೆಳಗ್ಗೆ ಧಾರಾಳವಾಗಿ ಸಿಂಪಡಿಸಿಕೊಂಡು ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತಿಲ್ಲದೆ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತರು. ಅವರದೇನೂ ತಪ್ಪಿರಲಿಲ್ಲ, ಅರ್ಧ ದಾರಿಗೆ ಬರುವಷ್ಟರಲ್ಲಿ ನನಗೇ ಹೊಟ್ಟೆ ತೊಳಸಲು ಶುರುವಾಗಿತ್ತು. ಹೂವಿನ ಕಂಪನ್ನು ಸೀಸೆಯೊಳಗೆ ಹಿಡಿಯುವುದು ಸಾಧ್ಯವಿಲ್ಲ ಎಂದು ಅಂದೇ ತೀರ್ಮಾನಿಸಿಬಿಟ್ಟೆ, ಮತ್ತು ಆ ತೀರ್ಮಾನವನ್ನು ಪರೀಕ್ಷಿಸಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನಸ್ಸು ಮಾಡಲಿಲ್ಲ.

ಆ ತೀರ್ಮಾನವನ್ನು ಅಲುಗಿಸಿದವಳು ನನ್ನ ತಂಗಿ. ಕಿರುಬೆರಳಿಗಿಂತ ತೆಳ್ಳಗಿನ, ಎರಡು ಮಿಲಿಲೀಟರಿನ ಗಾಜಿನ ಸೀಸೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಒಳಗಿದ್ದ ದ್ರವ ನಾನು ಅಂದುಕೊಂಡಂತೆ ನೀರಿನ ಬಣ್ಣದ್ದಾಗಿರದೆ ಹಳೆಯ ಜೇನಿನಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಬಿರಡೆ ತೆಗೆದು ಮೂಗಿನ ಹತ್ತಿರ ಒಯ್ಯುವಷ್ಟರಲ್ಲಿ ಅವಳು ಕೈ ಹಿಡಿದಳು. “ಅಕ್ಕ, ಹಾಗೆ ಮೂಸಬೇಡ. ಒಂದೇ ಒಂದು ಹನಿ ಮಣಿಕಟ್ಟಿಗೆ ಹಚ್ಚಿಕೋ, ಉಜ್ಜಬೇಡ, ಆಮೇಲೆ ನಿನ್ನ ಕೆಲಸ ನೋಡಿಕೋ. ಒಂದು ಗಂಟೆ ಅದನ್ನು ಮರೆತುಬಿಡು,” ಎಂದಳು. ಅವಳ ಮಾತಿಗಾಗಿ ಹಚ್ಚಿಕೊಂಡೆನೇ ಹೊರತು ನಂಬಿಕೆಯಿಂದಲ್ಲ.

ಮೊದಲ ನಿಮಿಷಗಳಲ್ಲಿ ನನ್ನ ಹಳೆಯ ಅನುಮಾನವೇ ಸರಿಯೆನಿಸಿತು. ಉಗುರಿಗೆ ಹಚ್ಚುವ ಬಣ್ಣದಂಥ ಒಂದು ಹಣ್ಣಿನ ವಾಸನೆ ಎದ್ದಿತು. ಅದರ ಹಿಂದೆ ಆಲ್ಕೋಹಾಲಿನ ತಣ್ಣನೆಯ ಕುಟುಕು. ಹತ್ತು ನಿಮಿಷಕ್ಕೆ ಅದು ಇಳಿದು, ಚಿವುಟಿದ ಹಸಿ ಕಾಂಡದಂಥ ಹಸಿರು ಬಂತು. ನಾನು ಬಟ್ಟೆ ಮಡಿಸುವ ಕೆಲಸದಲ್ಲಿದ್ದೆ. ಸುಮಾರು ಮುಕ್ಕಾಲು ಗಂಟೆಯ ನಂತರ ದಿಂಬಿನ ಚೀಲ ಕೊಡವಲು ಕೈ ಎತ್ತಿದಾಗ ಆ ಗಾಳಿಯಲ್ಲಿ ಒಂದು ಹೂ ನನ್ನ ಮುಂದೆ ಅರಳಿದಂತಾಯಿತು. ಹೂವಿನ ನೆನಪಲ್ಲ, ಹೂವಿನ ಚಿತ್ರವಲ್ಲ. ಇಳಿಸಂಜೆಯಲ್ಲಿ ಗಿಡದ ಹತ್ತಿರ ಹಾದುಹೋಗುವಾಗ ಇದ್ದಕ್ಕಿದ್ದಂತೆ ಕಾಲು ತಡೆಯುತ್ತದಲ್ಲ, ಅದೇ. ಮಣಿಕಟ್ಟನ್ನು ಮೂಗಿಗೆ ತಂದೆ. ಹತ್ತಿರದಿಂದ ಅದು ಬೇರೆಯೇ ಆಗಿತ್ತು: ಬೆಚ್ಚಗೆ, ದಟ್ಟವಾಗಿ, ಬಾಡುವ ಹಂತಕ್ಕೆ ಬಂದ ಎಸಳಿನ ಅಂಚು ಕಂದಿದಾಗಿನ ವಾಸನೆಯೊಂದು ಅದರ ತಳದಲ್ಲಿತ್ತು, ಅದಕ್ಕೆ ಮೈಯ ಬಿಸಿಯೂ ಸೇರಿತ್ತು. ತೀರಾ ಸಭ್ಯವೆನ್ನಲಾಗದ ಆ ತಳದ ವಾಸನೆಯನ್ನು ಬಿಟ್ಟಿರಲು ಆಗದೆ ಮತ್ತೆ ಮತ್ತೆ ಕೈಯನ್ನು ಮೂಗಿಗೆ ತರುತ್ತಿದ್ದೆ. ರಾತ್ರಿ ಮಲಗುವ ಹೊತ್ತಿಗೆ ಉಳಿದದ್ದು ಒಂದು ಎಳೆಯಷ್ಟೇ, ಒಣ ಚಹದ ಎಲೆ ತುಂಬಿಟ್ಟ ಡಬ್ಬಿಯ ಮುಚ್ಚಳ ತೆರೆದಂಥ ಎಳೆ. ಮರುದಿನ ಬೆಳಗ್ಗೆ ರವಿಕೆಯ ತೋಳಿನಲ್ಲಿ ಅದು ಇನ್ನೂ ಇತ್ತು.

ಅದುವರೆಗೆ ನನಗೆ ಸಿಕ್ಕಿದ್ದು ಹಿಂಸೆಯಾದರೆ ಇದು ಸುಖವಾದದ್ದು ಏಕೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ತಿಳಿದುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೂವಿನ ಕಂಪು ಎಂಬುದು ಒಂದು ವಸ್ತುವಲ್ಲ, ನೂರಾರು ವಸ್ತುಗಳ ಕೂಟ. ಅದರಲ್ಲಿ ದೊಡ್ಡ ಪಾಲಿನವುಗಳಲ್ಲಿ ಒಂದು ಬೆಂಜೈಲ್ ಅಸಿಟೇಟ್; ನನ್ನ ಮಣಿಕಟ್ಟಿನಿಂದ ಮೊದಲು ಎದ್ದ ಹಣ್ಣಿನ ವಾಸನೆ ಅದರದು. ಅದು ಬೇಗ ಹಾರಿಹೋಗುತ್ತದೆ, ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಾಗುತ್ತದೆ. ಹಾಗಾಗಿಯೇ ಅಗ್ಗದ ಡಬ್ಬಿಗಳಲ್ಲಿ ಅದನ್ನೇ ಮುಂದುಮಾಡಿ ಮಲ್ಲಿಗೆ ಎಂದು ಹೆಸರಿಡುವುದು ಸುಲಭ. ಜಾಸ್ಮೋನ್ ಎಂಬ ಇನ್ನೊಂದು ವಸ್ತುವಿನ ಪಾಲು ಚಿಕ್ಕದು, ಆದರೆ ಬೆಚ್ಚನೆಯ ಆಳ ಬರುವುದು ಅದರಿಂದ. ಚಹದ ಎಲೆಯ ಪರಿಮಳದಲ್ಲೂ ಅದು ಇದೆ ಎಂದು ತಿಳಿದಾಗ, ಆ ರಾತ್ರಿ ನನಗೆ ಚಹದ ಡಬ್ಬಿ ನೆನಪಾದದ್ದು ಬರಿಯ ಭ್ರಮೆಯಲ್ಲವೆಂದು ಸಮಾಧಾನವಾಯಿತು.

ಆದರೆ ಈ ಕೂಟದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಇಂಡೋಲ್. ನೀಲಿ ಬಣ್ಣ ಕೊಡುವ ಇಂಡಿಗೋವಿನ ಅಧ್ಯಯನದಲ್ಲಿ ತೊಡಗಿದ್ದ ಜರ್ಮನಿಯ ರಸಾಯನವಿಜ್ಞಾನಿ ಅಡಾಲ್ಫ್ ವಾನ್ ಬೇಯರ್ 1866ರಲ್ಲಿ ಇದನ್ನು ಪಡೆದರು. ಹೆಸರು ಬಂದದ್ದೂ ಆ ಇಂಡಿಗೋವಿನಿಂದಲೇ. ಶುದ್ಧ ರೂಪದಲ್ಲಿ ಮೂಸಿದರೆ ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ಘಾಟು. ಮಲದ ವಾಸನೆಯಲ್ಲೂ ಇದರ ಪಾಲಿದೆ. ಇದೇ ವಸ್ತು ನೂರರಲ್ಲಿ ಎರಡು ಮೂರು ಪಾಲಿನಷ್ಟು ಮಲ್ಲಿಗೆಯ ಕುಲಕ್ಕೇ ಸೇರಿದ ಜಾಜಿಯ ಸಾರದಲ್ಲಿ ಇರುತ್ತದೆ, ಮತ್ತು ಇದನ್ನು ತೆಗೆದುಬಿಟ್ಟರೆ ಉಳಿಯುವುದು ತೊಳೆದಿಟ್ಟ ಸೋಪಿನ ವಾಸನೆ. ಜಾಜಿ, ಮಲ್ಲಿಗೆಗಳು ಕತ್ತಲಲ್ಲಿ ಅರಳುವ ಬಿಳಿ ಹೂಗಳು. ಬಣ್ಣ ಕಾಣದ ಹೊತ್ತಿನಲ್ಲಿ ಪತಂಗಗಳನ್ನು ದೂರದಿಂದ ಕರೆಯಬೇಕಾದರೆ ಕಂಪಿನಿಂದಲೇ ಕರೆಯಬೇಕು. ಅಂಥ ಕಂಪು ಮೆಲುದನಿಯದಾಗಿದ್ದರೆ ಸಾಲದು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಸುಗಂಧವೆಂದರೆ ಶುಚಿಯಾದ ವಾಸನೆ, ಈಗಷ್ಟೇ ಒಗೆದ ಬಟ್ಟೆಯ ವಾಸನೆ, ಸ್ನಾನದ ಮನೆಯ ವಾಸನೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆ ನಂಬಿಕೆಯಿಂದ ಹೊರಟವರಿಗೆ ನಿಜವಾದ ಮಲ್ಲಿಗೆಯ ಸಾರ ಮೊದಲ ಸಲ ಮುಖಕ್ಕೆ ಹೊಡೆದಂತಾಗುತ್ತದೆ. ‘ಇದೇನೋ ಕೊಳೆತಂತಿದೆ’ ಎಂದು ಸೀಸೆಯನ್ನು ಪಕ್ಕಕ್ಕಿಡುತ್ತಾರೆ. ಅವರ ಮೂಗು ಸುಳ್ಳು ಹೇಳುತ್ತಿಲ್ಲ, ಆ ಅಂಶ ನಿಜವಾಗಿಯೂ ಅಲ್ಲಿದೆ. ಆದರೆ ಜೀವವಿರುವ ಹೂವಿನಲ್ಲೂ ಅದು ಇದೆ. ಅರಳುವುದೂ ಬಾಡುವುದೂ ಒಂದೇ ಎಸಳಿನಲ್ಲಿ ಒಟ್ಟಿಗೆ ನಡೆಯುವ ಕೆಲಸ. ಒಳ್ಳೆಯ ಸುಗಂಧ ಎರಡನ್ನೂ ಮೈಮೇಲೆ ತರುತ್ತದೆ. ಕನ್ನಡದಲ್ಲಿ ಮೂಗಿಗೆ ಸಂಬಂಧಿಸಿದ ಮಾತುಗಳೇನು ಕಡಿಮೆಯೇ? ಕಂಪು, ಪರಿಮಳ, ಘಮ, ಸೊಗಡು, ಘಾಟು, ಕಮಟು, ಮುಗ್ಗುಲು, ನಾತ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪದಗಳಿವೆ. ನನ್ನ ಈ ಮಲ್ಲಿಗೆಗೆ ಪರಿಮಳ ಎಂಬ ಪದ ಸಾಲದೆಂದೇ ನನಗನಿಸುತ್ತದೆ. ಪರಿಮಳಕ್ಕೆ ಸೊಗಡು ಸೇರಿದಾಗ ಆಗುವುದು ಅದು.

ಹೂವಿನ ವಿಷಯಕ್ಕೆ ಬರುತ್ತೇನೆ. ಮಲ್ಲಿಗೆಯ ಕುಲದಲ್ಲಿ ನೂರಾರು ಜಾತಿಗಳಿದ್ದರೂ ಸುಗಂಧ ತಯಾರಕರು ಮುಖ್ಯವಾಗಿ ನೆಚ್ಚಿಕೊಂಡಿರುವುದು ಎರಡನ್ನು: ಜಾಸ್ಮಿನಮ್ ಗ್ರಾಂಡಿಫ್ಲೋರಮ್, ಅಂದರೆ ನಮ್ಮ ಜಾಜಿ, ಜಾಸ್ಮಿನಮ್ ಸಂಬಾಕ್, ಅಂದರೆ ದುಂಡು ಮಲ್ಲಿಗೆ. ಜಾಜಿಯ ಸಾರ ಹಣ್ಣಾದದ್ದು, ಬೆಚ್ಚಗಿನದು. ಮಲ್ಲಿಗೆಯದು ಹೆಚ್ಚು ಹಸಿರು, ಹೆಚ್ಚು ಚುರುಕು, ಕಿತ್ತಳೆಯ ಹೂವಿನ ಕಡೆಗೆ ವಾಲುವಂಥದ್ದು. ಜಾಜಿಯನ್ನು ಅರಳಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ಯುತ್ತಾರೆ. ಮಲ್ಲಿಗೆಯನ್ನು ಮೊಗ್ಗಾಗಿಯೇ ಬಿಡಿಸಿ ತಂದು, ಸಂಜೆ ಅದು ತಾನಾಗಿ ಬಿರಿಯುವವರೆಗೂ ಕಾದು, ಅನಂತರವೇ ಸಾರ ತೆಗೆಯಲು ತೊಡಗುತ್ತಾರೆ. ನನ್ನ ತಂಗಿ ನನಗೆ ಹೇಳಿದ ಒಂದು ಗಂಟೆಯ ಕಾಯುವಿಕೆ ಕಾರ್ಖಾನೆಯ ಬಾಗಿಲಲ್ಲೇ ಶುರುವಾಗಿರುತ್ತದೆ ಎಂಬುದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದು ಕಿಲೋ ಜಾಜಿ ತೂಗಬೇಕಾದರೆ ಸುಮಾರು 8,000ದಿಂದ 10,000 ಹೂ ಬೇಕು. ನೀರಾವಿಯ ಬಿಸಿಯಲ್ಲಿ ಈ ಕಂಪು ಕೆಡುತ್ತದೆಯಾದ್ದರಿಂದ ಇಂದು ಹೆಕ್ಸೇನ್‌ನಂಥ ದ್ರಾವಕದಲ್ಲಿ ಹೂವನ್ನು ನೆನೆಸಿ, ದ್ರಾವಕವನ್ನು ಆವಿಯಾಗಿಸಿ, ಮೇಣದಂಥ ಗಟ್ಟಿ ಪದಾರ್ಥವನ್ನು ಪಡೆಯುತ್ತಾರೆ. ಅದಕ್ಕೆ ಕಾಂಕ್ರೀಟ್ ಎಂದು ಹೆಸರು. ಅದನ್ನು ಆಲ್ಕೋಹಾಲಿನಲ್ಲಿ ತೊಳೆದು ಮೇಣವನ್ನು ಬೇರ್ಪಡಿಸಿದಾಗ ಕೊನೆಗೆ ದಕ್ಕುವುದು ಅಬ್ಸಲ್ಯೂಟ್ ಎಂಬ ಕಿತ್ತಳೆಗಂದು ದ್ರವ. ಸಾವಿರ ಕಿಲೋ ಹೂವಿಗೆ ಸುಮಾರು ಮೂರು ಕಿಲೋ ಕಾಂಕ್ರೀಟ್, ಅದರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಅಬ್ಸಲ್ಯೂಟ್. ಒಂದೊಂದು ಹೂವನ್ನೂ ಬೆರಳ ತುದಿಯಿಂದಲೇ ಬಿಡಿಸಬೇಕು. ಈ ಲೆಕ್ಕ ಗೊತ್ತಾದ ಮೇಲೆ ಎರಡು ಮಿಲಿಲೀಟರನ್ನು ನಾನು ಯಾವತ್ತೂ ಸಣ್ಣ ಸೀಸೆ ಎಂದು ಕರೆದಿಲ್ಲ.

ದ್ರಾವಕಗಳು ಬರುವ ಮೊದಲು ಇದ್ದ ವಿಧಾನವನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಮರದ ಚೌಕಟ್ಟಿಗೆ ಗಾಜು ಕೂರಿಸಿ, ಅದರ ಮೇಲೆ ವಾಸನೆಯಿಲ್ಲದಂತೆ ಶುದ್ಧಿ ಮಾಡಿದ ಕೊಬ್ಬನ್ನು ಬೆರಳ ದಪ್ಪಕ್ಕೂ ಕಡಿಮೆಯಾಗಿ ಸವರಿ, ಹೂಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಕೊಯ್ದ ಮೇಲೂ ಜಾಜಿ ಒಂದು ದಿನದವರೆಗೆ ಕಂಪನ್ನು ಉತ್ಪಾದಿಸುತ್ತಲೇ ಇರುತ್ತದೆ. ಕೊಬ್ಬು ಅದನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಮರುದಿನ ಬಾಡಿದ ಹೂ ಎತ್ತಿ ಹೊಸ ಹೂ ಇಡುವುದು. ಕೊಬ್ಬು ಇನ್ನು ಹೀರಲಾರದಷ್ಟು ಕಂಪಿನಿಂದ ತುಂಬುವವರೆಗೂ, ವಾರಗಟ್ಟಲೆ, ಇದೇ ಕೆಲಸ. ಗುಲಾಬಿಗಿಂತ ಜಾಜಿಗೂ ಸುಗಂಧರಾಜಕ್ಕೂ ಈ ವಿಧಾನ ಹೆಚ್ಚು ಒಪ್ಪುತ್ತಿದ್ದುದು ಕೊಯ್ದ ಮೇಲೂ ಕಂಪು ಬಿಡುವ ಅವುಗಳ ಈ ಗುಣದಿಂದ. ಉತ್ತರ ಪ್ರದೇಶದ ಕನೌಜಿನ ಅತ್ತರು ಮಾಡುವವರದು ಇನ್ನೊಂದು ದಾರಿ: ತಾಮ್ರದ ಹಂಡೆಯಲ್ಲಿ ಹೂವನ್ನು ಬೇಯಿಸಿ, ಆವಿಯನ್ನು ಗಂಧದೆಣ್ಣೆಯೊಳಕ್ಕೆ ಇಳಿಸುವುದು. ದುಂಡು ಮಲ್ಲಿಗೆಯ ಆ ಅತ್ತರಿಗೆ ಮೋತಿಯಾ ಎಂದು ಹೆಸರು. ನಾನು ಹಚ್ಚಿಕೊಳ್ಳುವುದು ಅತ್ತರಲ್ಲ; ಆದರೂ ಗಂಧದ ಮೇಲೆ ಕುಳಿತ ಮಲ್ಲಿಗೆ ಆಲ್ಕೋಹಾಲಿನ ಮೇಲೆ ಕುಳಿತದ್ದಕ್ಕಿಂತ ಎಷ್ಟು ನಿಧಾನಿ ಎಂಬುದನ್ನು ಒಮ್ಮೆ ಹಚ್ಚಿ ನೋಡಿ ತಿಳಿದಿದ್ದೇನೆ.

ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದ ಸುತ್ತಲಿನ ಜನ ಜಾಜಿಯನ್ನು ಕರೆಯುವುದು ಬರಿದೇ ‘ಹೂವು’ ಎಂದು. ಬೇರೆ ಹೂಗಳಿಗೆ ಹೆಸರು ಬೇಕು, ಇದಕ್ಕೆ ಬೇಡ. ಅಲ್ಲಿನ ಸುಗಂಧ ಸಸ್ಯಗಳ ಕೃಷಿಯನ್ನೂ ಸುಗಂಧ ಹೆಣೆಯುವ ಕಲೆಯನ್ನೂ 2018ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 1921ರಲ್ಲಿ ಅರ್ನೆಸ್ಟ್ ಬೋ ಸಿದ್ಧಪಡಿಸಿದ ಶನೆಲ್ ನಂ. 5 ಎಂಬ ಸುಗಂಧದ ಹೃದಯದಲ್ಲಿರುವುದು ಗ್ರಾಸ್‌ನ ಜಾಜಿ. 1930ರಲ್ಲಿ, ಜಗತ್ತು ಆರ್ಥಿಕ ಕುಸಿತದಲ್ಲಿ ನಲುಗುತ್ತಿದ್ದಾಗ, ಜ್ಯಾಂ ಪಾಟೂ ಸಂಸ್ಥೆಗಾಗಿ ಆಂರಿ ಆಲ್ಮೆರಾಸ್ ರೂಪಿಸಿದ ಜಾಯ್ ಸುಗಂಧದ ಮೂವತ್ತು ಮಿಲಿಲೀಟರಿಗೆ 10,600 ಜಾಜಿ ಹೂವೂ 28 ಡಜನ್ ಗುಲಾಬಿಯೂ ಬೇಕೆಂದು ತಯಾರಕರು ಹೇಳಿಕೊಂಡಿದ್ದರು. ಪ್ರಚಾರದ ಲೆಕ್ಕವೆಂದು ಅದನ್ನು ತಳ್ಳಿಹಾಕುವವರಿರಬಹುದು. ನನಗೆ ಹಾಗನಿಸುವುದಿಲ್ಲ, ಮೇಲಿನ ಕಿಲೋಗಳ ಲೆಕ್ಕವನ್ನು ಮಾಡಿ ನೋಡಿದವರಿಗೆ ಆ ಸಂಖ್ಯೆ ವಿಚಿತ್ರವಾಗಿ ಕಾಣದು.

ಇಷ್ಟು ಹೇಳಿದಾಗ ನಾನು ರಾಸಾಯನಿಕಗಳ ವಿರೋಧಿ, ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿದ್ದನ್ನೆಲ್ಲ ಹೊಗಳುವವಳು ಎಂಬ ಅರ್ಥ ಬರಬಾರದು. 1962ರಲ್ಲಿ ಜಾಜಿಯ ಸಾರದಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ವಸ್ತುವನ್ನು ವಿಜ್ಞಾನಿಗಳು ಗುರುತಿಸಿದರು. ಕೀಟ ಕಚ್ಚಿದಾಗ ಗಿಡಗಳು ತಮ್ಮ ರಕ್ಷಣೆಯ ವ್ಯವಸ್ಥೆಯನ್ನು ಎಬ್ಬಿಸುವುದು ಇದೇ ಬಳಗದ ವಸ್ತುಗಳಿಂದ ಎಂಬುದು ಆಮೇಲೆ ತಿಳಿಯಿತು. ಒಂದು ಗಿಡದಿಂದ ಗಾಳಿಯಲ್ಲಿ ಬಂದ ಈ ವಸ್ತು ಪಕ್ಕದ ಟೊಮೆಟೊ ಗಿಡವನ್ನು ಎಚ್ಚರಿಸಬಲ್ಲದು ಎಂಬುದನ್ನು 1990ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಅದರ ಹತ್ತಿರದ ಸಂಬಂಧಿಯಾದ ಹೆಡಿಯೋನ್ ಎಂಬ ಕೃತಕ ವಸ್ತುವನ್ನು ಎಡ್ಮಂಡ್ ರುಡ್ನಿಸ್ಕಾ 1966ರಲ್ಲಿ ಡಿಯೋರ್ ಸಂಸ್ಥೆಯ ಓ ಸೊವಾಜ್ ಸುಗಂಧದಲ್ಲಿ ಬಳಸಿದ ಮೇಲೆ ಮಲ್ಲಿಗೆಯ ದಟ್ಟಣೆಯೊಳಗೆ ಗಾಳಿಯಾಡಲು ಕಿಟಕಿ ತೆರೆದಂತಾಯಿತು. ನಾನು ಹಚ್ಚಿಕೊಳ್ಳುವ ಸುಗಂಧದಲ್ಲೂ ಹೂವಿನ ಸಾರದ ಜೊತೆ ಇಂಥ ವಸ್ತುಗಳಿವೆ. ನನ್ನ ತಕರಾರಿರುವುದು ಕೃತಕತೆಯ ಬಗ್ಗೆ ಅಲ್ಲ, ಸೋಮಾರಿತನದ ಬಗ್ಗೆ: ಒಂದೋ ಎರಡೋ ವಸ್ತುಗಳನ್ನು ಬೆರೆಸಿ, ಹೂವಿನ ಚಿತ್ರ ಅಂಟಿಸಿ, ಮಲ್ಲಿಗೆ ಎಂದರೆ ಇಷ್ಟೇ ಎಂದು ಒಂದು ತಲೆಮಾರಿನ ಮೂಗನ್ನು ನಂಬಿಸಿಬಿಡುವುದರ ಬಗ್ಗೆ.

ಹಚ್ಚಿಕೊಳ್ಳುವ ಬಗ್ಗೆ ನಾನು ಕಲಿತ ಕೆಲವು ಸಂಗತಿಗಳಿವೆ. ಮಲ್ಲಿಗೆ ದಟ್ಟವಾಗಿರುವ ಸುಗಂಧವನ್ನು ಕಾಗದದ ಪಟ್ಟಿಯ ಮೇಲೆ ತೀರ್ಮಾನಿಸಬಾರದು. ಕಾಗದಕ್ಕೆ ಬಿಸಿಯಿಲ್ಲ, ಮೈಯ ಎಣ್ಣೆಯಿಲ್ಲ. ಅದರ ಮೇಲೆ ಹೂವಿನ ಹಸಿರೂ ಚೂಪೂ ಮಾತ್ರ ಕಾಣುತ್ತವೆ. ಒಂದೇ ಸೀಸೆಯಿಂದ ನಾನೂ ತಂಗಿಯೂ ಹಚ್ಚಿಕೊಂಡರೆ ಅವಳ ಕೈಯಲ್ಲಿ ಅದು ಹಣ್ಣಿನ ಕಡೆಗೆ ಹೋಗುತ್ತದೆ, ನನ್ನ ಕೈಯಲ್ಲಿ ಒಣಗಿ ಚಹದ ಕಡೆಗೆ. ಮಣಿಕಟ್ಟಿಗಿಂತ ಮೊಣಕೈಯ ಮಡಿಕೆ ಒಳ್ಳೆಯ ಜಾಗ, ಏಕೆಂದರೆ ಕೈ ತೊಳೆದಾಗ ಅದು ಹೋಗುವುದಿಲ್ಲ. ಕೈ ಮಡಿಸಿದಾಗ ಮುಚ್ಚಿಕೊಂಡು, ಚಾಚಿದಾಗ ಒಮ್ಮೆಲೇ ಬಿಟ್ಟುಕೊಡುತ್ತದೆ. ಅರ್ಧ ಗಂಟೆಯ ಮೇಲೆ ನಮ್ಮ ಮೂಗು ನಮ್ಮದೇ ಸುಗಂಧಕ್ಕೆ ಒಗ್ಗಿಹೋಗುವುದರಿಂದ ‘ಹಾರಿಹೋಯಿತು’ ಎಂದು ಮತ್ತೆ ಹಚ್ಚಿಕೊಳ್ಳುವ ಆಸೆಯಾಗುತ್ತದೆ. ಆ ಆಸೆಯನ್ನು ತಡೆಯಲೇಬೇಕು. ಅಂದು ಬಸ್ಸಿನಲ್ಲಿ ಎದ್ದು ಹೋದ ಹಿರಿಯರನ್ನು ನೆನೆದು ನಾನು ತಡೆಯುತ್ತೇನೆ. ಒಂದೇ ಹನಿ, ಮುಚ್ಚಿದ ಕೋಣೆಯಲ್ಲಿ ಹೆಚ್ಚು ಜನ ಸೇರುವ ದಿನ ಅದೂ ಇಲ್ಲ.

ಬಟ್ಟೆಯ ಮೇಲೆ, ಅದರಲ್ಲೂ ಬಿಳಿ ಬಟ್ಟೆಯ ಮೇಲೆ ಹಾಕಲೇಬಾರದು ಎಂಬುದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಕೆನೆಬಣ್ಣದ ಹತ್ತಿಯ ಸೀರೆಯ ಸೆರಗಿಗೆ ಆಸೆಪಟ್ಟು ಎರಡು ಹನಿ ತಾಗಿಸಿದ್ದೆ. ತಿಂಗಳ ನಂತರ ಬೀರುವಿನಿಂದ ತೆಗೆದಾಗ ಅಲ್ಲಿ ಎರಡು ಕಂದು ಕಲೆ, ಒಗೆದರೂ ಹೋಗದ ಕಲೆ. ಬೆಳಕಿಗೂ ಗಾಳಿಗೂ ಇಂಡೋಲ್ ಕಪ್ಪಾಗುತ್ತದೆ. ತಂಗಿಯ ಸೀಸೆಯೊಳಗಿನ ದ್ರವ ಜೇನಿನ ಬಣ್ಣಕ್ಕೆ ಬಂದಿದ್ದರಲ್ಲೂ ಅದರ ಕೈವಾಡವಿತ್ತು. ಸೀಸೆಯನ್ನು ಕಿಟಕಿಯ ಹತ್ತಿರ ಇಡದೆ ಕತ್ತಲಿನ ಖಾನೆಯಲ್ಲಿಡುವುದು ಒಳಿತು. ಇನ್ನೊಂದು ಮಾತು: ಜಾಜಿ, ಮಲ್ಲಿಗೆಯ ಸಾರ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಹಾಗಾಗಿ ಸುಗಂಧ ಉದ್ಯಮದ ಅಂತಾರಾಷ್ಟ್ರೀಯ ಒಕ್ಕೂಟ ಅವುಗಳ ಬಳಕೆಗೆ ಮಿತಿ ವಿಧಿಸಿದೆ. ಮೊದಲ ಸಲ ಹಚ್ಚುವವರು ಸಣ್ಣ ಜಾಗದಲ್ಲಿ ಹಚ್ಚಿ ಒಂದು ದಿನ ನೋಡುವುದು ಕ್ಷೇಮ.

ಮಲ್ಲಿಗೆ ಹೆಂಗಸರದು, ಅದರಲ್ಲೂ ವಯಸ್ಸಾದ ಹೆಂಗಸರದು ಎಂಬ ಮಾತನ್ನು ನಾನು ಹಲವರಿಂದ ಕೇಳಿದ್ದೇನೆ, ಒಪ್ಪಿಲ್ಲ. ಮೇಲೆ ಹೇಳಿದ ಓ ಸೊವಾಜ್ ಗಂಡಸರಿಗೆಂದೇ ಮಾಡಿದ ಸುಗಂಧ. ಮಲ್ಲಿಗೆಯ ಆ ಗಾಳಿಯಾಡುವ ಮುಖವನ್ನು ಅದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರ ಮೈಮೇಲೆ ಹೊರಿಸಿದೆ. ನನ್ನ ಸೀಸೆಯಿಂದ ಒಂದು ಹನಿ ಹಚ್ಚಿಕೊಂಡ ನನ್ನ ಮಗ ಸಂಜೆ ಬಂದು “ಅಮ್ಮ, ನಾಳೆಯೂ ಹಚ್ಚಿಕೊಳ್ಳಲೇ?” ಎಂದು ಕೇಳಿದ. ಅವನ ಮೈಮೇಲೆ ಅದು ತುಸು ಒರಟಾಗಿ, ಚರ್ಮದ ಬೆಲ್ಟಿನ ವಾಸನೆಯ ಜೊತೆ ಬೆರೆತು, ನನ್ನದಕ್ಕಿಂತ ಚೆನ್ನಾಗಿಯೇ ಇತ್ತು.

ಈ ಸಂತೋಷದ ಇನ್ನೊಂದು ತುದಿಯಲ್ಲಿ ಹೂ ಬಿಡಿಸುವ ಕೈಗಳಿವೆ. ಇಂದು ಜಗತ್ತಿನ ಜಾಜಿ, ಮಲ್ಲಿಗೆಯ ಸಾರದ ಬಹುಪಾಲು ಬರುವುದು ಭಾರತದಿಂದಲೂ ಈಜಿಪ್ಟಿನಿಂದಲೂ. ಈಜಿಪ್ಟಿನ ಜಾಜಿ ತೋಟಗಳಲ್ಲಿ ರಾತ್ರಿ ಮಕ್ಕಳು ಹೂ ಬಿಡಿಸುತ್ತಿರುವುದನ್ನು 2024ರಲ್ಲಿ ಬಿಬಿಸಿ ವರದಿ ಮಾಡಿತು. ಅದನ್ನು ಓದಿದ ವಾರ ನಾನು ಸೀಸೆ ಮುಟ್ಟಲಿಲ್ಲ. ಮುಟ್ಟದೇ ಇರುವುದರಿಂದ ಆ ಮಕ್ಕಳಿಗೆ ಏನೂ ದೊರೆಯುವುದಿಲ್ಲ ಎಂಬುದೂ ನಿಜ. ಹೂ ಎಲ್ಲಿಯದು, ಬಿಡಿಸಿದವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಎಂಬುದನ್ನು ಸೀಸೆಯ ಮೇಲೆ ಬರೆಯುವಂತೆ ಕೊಳ್ಳುವವರು ಕೇಳಬೇಕು, ಕೇಳುತ್ತಲೇ ಇರಬೇಕು. ಪತ್ರಿಕೆಗಳು ಆ ದನಿಗೆ ಜೊತೆಯಾಗಬೇಕು.

ಸಂಪಾದಕರಲ್ಲಿ ನನ್ನ ಬೇಡಿಕೆ ಇಷ್ಟೇ. ವಾರಕ್ಕೊಮ್ಮೆ ಬೇಡ, ತಿಂಗಳಿಗೊಮ್ಮೆಯಾದರೂ ಪುರವಣಿಯಲ್ಲಿ ಮೂಗಿಗೆಂದು ಅರ್ಧ ಪುಟ ಕೊಡಿ. ಬರೆಯುವವರು ಸುಗಂಧವನ್ನು ಮೈಮೇಲೆ ಹಚ್ಚಿಕೊಂಡು, ಒಂದು ಹಗಲು ಒಂದು ರಾತ್ರಿ ಅದರ ಜೊತೆಗಿದ್ದು, ಆಮೇಲೆ ಬರೆಯಲಿ. ಸೀಸೆಯ ಆಕಾರ, ಪೆಟ್ಟಿಗೆಯ ಬಣ್ಣ, ಪ್ರಚಾರಕ್ಕೆ ನಿಂತ ತಾರೆಯರ ಹೆಸರು ಅದರಲ್ಲಿ ಬೇಡ. ಓದುಗರಲ್ಲಿ ಮಲ್ಲಿಗೆಯ ಸೆಂಟೆಂದರೆ ಮುಖ ತಿರುಗಿಸುವವರು ಯಾರಾದರೂ ಇದ್ದರೆ, ನಾನೂ ಅವರಲ್ಲಿ ಒಬ್ಬಳಾಗಿದ್ದೆ ಎಂಬ ಸಲುಗೆಯಿಂದ ಕೇಳುತ್ತೇನೆ: ಹೂವಿನ ಸಾರವಿರುವ ಯಾವುದಾದರೊಂದರ ಒಂದು ಹನಿಯನ್ನು ಮೊಣಕೈಯ ಮಡಿಕೆಗೆ ಹಚ್ಚಿಕೊಂಡು, ಮೂಸದೆ, ಬಟ್ಟೆ ಮಡಿಸುವುದೋ ಕಾಗದಪತ್ರ ಜೋಡಿಸುವುದೋ ಯಾವುದಾದರೂ ಕೈಕೆಲಸಕ್ಕೆ ಕುಳಿತುಕೊಳ್ಳಿ. ಆ ಅಂಕಣ ಶುರುವಾದರೆ ಮೊದಲ ಕಂತಿಗೆ ಬರೆದು ಕಳಿಸಲು ನಾನು ಸಿದ್ಧಳಿದ್ದೇನೆ. ಈ ಬಾರಿ ದುಂಡು ಮಲ್ಲಿಗೆಯ ಬಗ್ಗೆ, ಅದರ ಹಸಿರಿನ ಬಗ್ಗೆ.

ವಂದನೆಗಳೊಂದಿಗೆ,

ನಿಮ್ಮ ಪತ್ರಿಕೆಯ ಬಹುಕಾಲದ ಓದುಗಾರ್ತಿ